ಹೂ ಮುಡಿಸಲು ಅನುಮತಿ

"ಬಿಚ್ಚಬೇಡಿ... ಕೈ ಮುಗೀತೀನಿ, ಬಿಚ್ಚಬೇಡಿ."

ರಂಜಿತ ಎಷ್ಟು ಬೇಡಿದರೂ ಚಲುವರಾಜುವಿನ ಕೈ ನಿಲ್ಲಲಿಲ್ಲ. ಬೆಳಗ್ಗೆ ತಾನೇ ಕಟ್ಟಿದ್ದ ಶಾಮಿಯಾನವನ್ನು ಬಿಚ್ಚಿ ಟೆಂಪೋಗೆ ತುಂಬುತ್ತಿದ್ದ. ಪಕ್ಕದಲ್ಲೇ ಪೊಲೀಸರು. ಸಭೆಗೆ ಪರ್ಮಿಷನ್ ಇಲ್ಲವಂತೆ.

ಯಾಕೆ ಕೊಟ್ಟಾರು ಹೇಳಿ? ಕ್ಯಾತನಹಳ್ಳಿಯ ಆಲೆಮನೆಯಲ್ಲಿ ದುಡಿಯುವ ಹೆಂಗಸರ ಮೈ ಮುಟ್ಟುವ ಮಾಲೀಕನ ಮೇಲೆ ದೂರು ಕೊಡಿಸಬೇಕೆಂದು ರಂಜಿತ ಮನೆ ಮನೆ ಅಲೆದಿದ್ದಳು. ಒಬ್ಬೊಬ್ಬರೇ ಆದರೆ ಹೆದರುತ್ತಾರೆ, ಒಟ್ಟಿಗೆ ಕೂತರೆ ಬಾಯಿ ಬಿಡುತ್ತಾರೆ. ಹಾಗೆ ಕೂರುವುದಕ್ಕೇ ಕಲ್ಲು ಬಿದ್ದಿತ್ತು.

'ಇವನೂ ಅವರ ಕಡೆಯವನೇ...' ಅಂದುಕೊಂಡಳು. ಅವಳ ಸಭೆ ಎಂದರೆ ಎಲ್ಲರಿಗಿಂತ ಮೊದಲು ಬಂದು ನೆರಳು ಕಟ್ಟುತ್ತಿದ್ದವನು. ಅವನ ಮೇಲೆ ಮನಸ್ಸಿಟ್ಟಿದ್ದೇ ತಪ್ಪಾಯಿತಾ?

ಸಂಜೆ ಅವನು ತಾಯಿ ದ್ಯಾವಮ್ಮನ ಜೊತೆ ಅವಳ ಬಾಗಿಲಿಗೆ ಬಂದ.

"ಬಿಚ್ದೆ ಇದ್ದಿದ್ರೆ ಕಂಬ, ಬಟ್ಟೆ ಎಲ್ಲಾ ಎತ್ಕೊಂಡೋಗೋರು ಕಣ್ರೀ. ನಾಳೆ ಕಟ್ಟಾಕೆ ಏನಿರ್ತಿತ್ತು?"

"ನಾಳೆ ಏನು?"

"ನಿಮ್ಮನೆ ಮುಂದೆ ಹೂ ಮುಡಿಸೋ ಶಾಸ್ತ್ರ. ನಿಮ್ಗೆ, ನಮ್ಮನೆ ಸೊಸೆ ಅಂತ. ಅದ್ಕೆ ಯಾವ ಪರ್ಮಿಷನ್ನೂ ಬೇಡ, ಎಷ್ಟು ಹೆಂಗಸ್ರು ಬಂದ್ರೂ ಯಾರೂ ಕೇಳಾಕಿಲ್ಲ." ಅವನು ತಲೆ ತಗ್ಗಿಸಿದ. "ನೀವು ಒಪ್ದೆ ಒಂದು ಗೂಟಾನೂ ಹೊಡಿಯಾಕಿಲ್ಲ."

ರಂಜಿತ ದ್ಯಾವಮ್ಮನ ಮುಖ ನೋಡಿದಳು.

"ಸುಳ್ಳುಸುಳ್ಳೇ ಹೂ ಮುಡಿಸೋಳಲ್ಲ ಕಣವ್ವ ನಾನು," ಅಂದಳು ದ್ಯಾವಮ್ಮ. "ತಟ್ಟೇನ ತೊಡೆ ಮ್ಯಾಲೆ ಮಡಿಕ್ಕೊಂಡು ಕುಂತಿರ್ತೀನಿ. ನಿಂಗೆ ಮನ್ಸಾದ್ರೆ ಹೇಳು, ಇಲ್ದಿದ್ರೆ ಬ್ಯಾಡ."

ಮರುದಿನ ಪೊಲೀಸರು ಬಂದರು, ಮಲ್ಲಿಗೆಯ ತಟ್ಟೆ ನೋಡಿದರು, ಕೊಟ್ಟ ಕಾಫಿ ಕುಡಿದು ಹೋದರು. ಜೀಪು ತಿರುಗಿದ್ದೇ ತಡ, ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಒಣಹಾಕುವ ಮಂಚಮ್ಮ ಎದ್ದು ನಿಂತಳು. ಗಂಡನಿಗೂ ಹೇಳದೆ ನುಂಗಿಕೊಂಡಿದ್ದನ್ನೆಲ್ಲ ಹೇಳಿದಳು. ಅವಳ ಹಿಂದೆ ಪುಟ್ಟಲಕ್ಷ್ಮಮ್ಮ, ಆಮೇಲೆ ಆತಿಯಾ... ನಾಳೆ ಎಲ್ಲರೂ ಒಟ್ಟಿಗೆ ಮಂಡ್ಯಕ್ಕೆ ಹೋಗಿ ದೊಡ್ಡ ಅಧಿಕಾರಿಗೇ ದೂರು ಕೊಡುವುದೆಂದಾಯಿತು. ರಂಜಿತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೆಂಗಸರು ಹೊರಟ ಮೇಲೂ ತಟ್ಟೆಯಲ್ಲಿ ಹೂವು ಹಾಗೇ ಇತ್ತು. ಚಲುವರಾಜು ಗೂಟಕ್ಕೆ ಕೈ ಹಾಕಿದ.

"ನಿನ್ನೆ ನಿಮ್ಮನ್ನ ತಪ್ಪು ತಿಳ್ಕೊಂಡೆ," ಅಂದಳು ರಂಜಿತ.

"ಓಗ್ಲಿ ಬುಡಿ."

"ನಾಳೆ ನನ್ನ ಒಳಗೆ ಹಾಕಿದ್ರೂ ಹಾಕ್ತಾರೆ. ಗೊತ್ತಲ್ಲ?"

"ಗೊತ್ತು. ಅವ್ವಂಗೂ ಗೊತ್ತು."

ರಂಜಿತ ಹೋಗಿ ದ್ಯಾವಮ್ಮನ ಮುಂದೆ ಕೂತು ತಲೆ ಬಾಗಿಸಿದಳು.

"ಮುಡಿಸಿ, ಅತ್ತೆ."

ದ್ಯಾವಮ್ಮ ತಟ್ಟೆಯಿಂದ ಹೂವೆತ್ತಿಕೊಂಡಳು. ಮಲ್ಲಿಗೆ ಜಡೆಗೇರಿತು.

"ಈಗ ಬಿಚ್ಲಾ?" ಚಲುವರಾಜು ಮೆಲ್ಲಗೆ ಕೇಳಿದ.

"ಇರ್ಲಿ ಬುಡಿ. ನಾಳೆ ಎಲ್ರೂ ವಾಪಸ್ ಬಂದು ಇದ್ರ ಕೆಳಗೇ ಊಟ ಮಾಡಾಣ."