ಕಿಡ್ನಿಯ ಅಂಚಿನ ಕೆಂಪು ಚುಕ್ಕೆ

"ಈ ಪೇಶೆಂಟ್ ಅಜ್ಜಿ ಸಿಕ್ಕಿಬಿದ್ರು ನೋಡು," ಎಂದು ಹೂಬ್ ಮಾಮ ಕಂಪ್ಯೂಟರ್ ಮುಂದೆ ತೊಡೆ ತಟ್ಟಿದರು. "ಡ್ರಾಪ್ ತಿನ್ನೋದು ಬಿಟ್ಟು ಆರು ತಿಂಗಳಾಯ್ತು ಅಂತ ಡಾಕ್ಟರ್ ಹತ್ರ ಆಣೆ ಮಾಡಿದಾರಂತೆ. ಇಲ್ಲಿ ಈ ಕೆಂಪು ಚುಕ್ಕೆ ನೋಡು, ಡ್ರಾಪ್ ಕಿಡ್ನಿ ಅಂಚಲ್ಲೇ ಕೂತಿದೆ."

ಎಲ್ಕೆ ಬಾಯಲ್ಲಿದ್ದ ಡ್ರಾಪನ್ನು ಗುಳಕ್ಕನೆ ನುಂಗಿದಳು. ಜ್ಯೇಷ್ಠಮಧುವಿನ ಆ ಕಪ್ಪು ಮಿಠಾಯಿ ಸದಾ ಅವಳ ಜೇಬಿನಲ್ಲಿರುತ್ತದೆ.

ಬುಧವಾರ ಮಧ್ಯಾಹ್ನ ಶಾಲೆ ಇಲ್ಲ. ಹಾಗಾಗಿ ಅವಳು ಅಮ್ಮನ ಲ್ಯಾಬಿಗೆ ಬರುತ್ತಾಳೆ. ರೋಗಿಗಳ ಕಿಡ್ನಿಯ ಚೂರನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಕೂರಿಸುವುದು ಅಮ್ಮನ ಕೆಲಸ. ಯಂತ್ರ ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಲೇಸರ್ ಹೊಡೆಯುತ್ತದೆ. ಎದ್ದುಬಂದ ಅಣುಗಳನ್ನು ತೂಗಿ, ಯಾವುದು ಎಲ್ಲಿದೆ ಎಂದು ಬಣ್ಣದ ನಕ್ಷೆ ಬಿಡಿಸುತ್ತದೆ. ಆ ನಕ್ಷೆ ಓದುವುದು ಹೂಬ್ ಮಾಮನ ಕೆಲಸ.

"ಡ್ರಾಪ್ ತಿಂದ್ರೆ ಏನಾಗುತ್ತೆ ಮಾಮ?"

"ಜಾಸ್ತಿ ತಿಂದ್ರೆ ಬಿ.ಪಿ. ಏರುತ್ತೆ. ಈ ಅಜ್ಜಿಗೆ ಈಗಾಗ್ಲೇ ಏರಿದೆ. ನಾಳೆ ಮೀಟಿಂಗಲ್ಲಿ ಡಾಕ್ಟರಿಗೆ ಹೇಳ್ತೀನಿ. ಅಜ್ಜಿಗೆ ಸರಿಯಾಗಿ ಬೈಗುಳ ಇದೆ."

ಹೋದ ಬುಧವಾರ ಅಮ್ಮ ಫೋನಿನಲ್ಲಿದ್ದಾಗ ಎಲ್ಕೆ ಈ ಅಜ್ಜಿಯ ಚೂರಿದ್ದ ಗಾಜನ್ನೇ ಎತ್ತಿ ನೋಡಿದ್ದಳು, ಗ್ಲೌಸ್ ಇಲ್ಲದೆ, ಡ್ರಾಪ್ ಅಂಟಿದ ಬೆರಳಲ್ಲಿ. ಹೇಳಿದರೆ ಇನ್ನು ಲ್ಯಾಬಿಗೆ ಬಿಡುವುದಿಲ್ಲ. ಹೇಳದಿದ್ದರೆ ಅಜ್ಜಿಯ ಮಾತನ್ನು ಯಾರೂ ನಂಬುವುದಿಲ್ಲ.

"ಅದು ಅಜ್ಜಿ ಡ್ರಾಪ್ ಅಲ್ಲ," ಎಂದಳು. "ನಂದು."

ಅಮ್ಮ ತಟ್ಟನೆ ತಿರುಗಿದಳು. ಹೂಬ್ ಮಾಮ ಚುಕ್ಕೆಯನ್ನು ದೊಡ್ಡದು ಮಾಡಿದರು. ಅದರೊಳಗೆ ಸಣ್ಣ ಸಣ್ಣ ಗೆರೆಗಳು ಕಂಡವು, ಸುತ್ತಿಕೊಂಡು ಹೋದ ಬೆರಳಚ್ಚಿನ ಗೆರೆಗಳು.

"ಅಯ್ಯೋ, ಇದು ನನಗೆ ಹೊಳೀಲೇ ಇಲ್ವಲ್ಲ," ಎಂದು ಮಾಮ ತಲೆ ಕೆರೆದುಕೊಂಡರು. "ಮೀಕೆ, ಇನ್ನೊಂದು ಚೂರು ಇದೆಯಾ?"

"ಒಂದೇ ಒಂದು ಉಳಿದಿದೆ," ಎಂದಳು ಅಮ್ಮ. ಆಮೇಲೆ ಮಗಳ ಕಡೆ ನೋಡಿ, "ನೀನು ಆ ಕುರ್ಚಿ ಬಿಟ್ಟು ಏಳಬೇಡ. ಎರಡು ಬುಧವಾರ ಲ್ಯಾಬ್ ಇಲ್ಲ," ಎಂದಳು.

ಎಲ್ಕೆ ತುಟಿ ಕಚ್ಚಿ ತಲೆಯಾಡಿಸಿದಳು.

ಸಂಜೆಯ ಹೊತ್ತಿಗೆ ಹೊಸ ನಕ್ಷೆ ಬಂತು. ಪೂರ್ತಿ ನೀಲಿ. ಕೆಂಪು ಒಂದು ಚೂರೂ ಇಲ್ಲ.

"ಅಜ್ಜಿ ನಿಜಾನೇ ಹೇಳಿದ್ರು," ಎಂದರು ಮಾಮ ಮೆಲ್ಲಗೆ. "ಹಾಗಾದ್ರೆ ಬಿ.ಪಿ. ಏರೋದು ಬೇರೆ ಯಾವುದೋ ಕಾರಣಕ್ಕೆ. ಇನ್ನು ಅದನ್ನ ಹುಡುಕಬೇಕು."

ಎಲ್ಕೆ ಆ ಅಜ್ಜಿಯನ್ನು ಕಂಡವಳಲ್ಲ, ಹೆಸರೂ ಗೊತ್ತಿಲ್ಲ. ನಾಳೆ ಬೀಳಬೇಕಿದ್ದ ಒಂದು ಬೈಗುಳ ತಪ್ಪಿತು ಎಂದು ಅಜ್ಜಿಗೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೂ ಪರವಾಗಿಲ್ಲ ಎನ್ನಿಸಿತು ಅವಳಿಗೆ.