ಸುಣ್ಣದ ಗುಂಡಿಗೆ ಹನ್ನೊಂದು ದಿನ ನೀರು

“ಉಳಿ ಕೆಳಗಿಡ್ರಿ.”

ಸಪ್ನಾಳ ದನಿ ಗುಮ್ಮಟದೊಳಗೆ ಮೂರು ಸಲ ಮಾರ್ದನಿಸಿತು.

ಏಣಿಯ ಮೇಲಿದ್ದವನು ತಿರುಗಿ ನೋಡಿದ. ಮುಖದ ತುಂಬಾ ಧೂಳು, ಅದರೊಳಗೆ ಎರಡು ಶಾಂತ ಕಣ್ಣು... ಆ ಶಾಂತಿಯೇ ಅವಳನ್ನು ಇನ್ನಷ್ಟು ರೇಗಿಸಿತು!

ಕಲಬುರಗಿಯ ಕೋಟೆ, ಗುಮ್ಮಟಗಳನ್ನು ಭಾನುವಾರ ಜನರಿಗೆ ಸುತ್ತಿ ತೋರಿಸುವುದು ಸಪ್ನಾಳ ಕೆಲಸ. ಬಹಮನಿ ಸುಲ್ತಾನ, ಇರಾನಿನ ಕುದುರೆ ವ್ಯಾಪಾರಿ, ನಿಜಾಮನ ಗುಮಾಸ್ತ... ಎಲ್ಲರ ದನಿಯನ್ನೂ ತಾನೇ ತೆಗೆಯುತ್ತಿದ್ದಳು. ಆರುನೂರು ವರ್ಷಗಳು ಅವಳ ಗಂಟಲಲ್ಲೇ ಬಿಡಾರ ಹೂಡಿದ್ದವು. ಅಂಥವಳ ಕಣ್ಣೆದುರೇ ಗೋಡೆ ಕೆರೆಯುವುದೇ?

ತಾನು ಕೆರೆಯುತ್ತಿರುವುದು ಹಳೆಯದಲ್ಲ ಎಂದು ಏಣಿಯ ಮೇಲಿದ್ದ ಗಾರೆ ಕೆಲಸದ ಅಜಿತ ಹೇಳಿದ. ಅವಳು ಕೇಳಲಿಲ್ಲ. ವಿಡಿಯೋ ಮಾಡಿ, ಎಳೆದೆಳೆದು ಆಡುವ ಅವನ ಮಾತನ್ನು ಅಣಕಿಸಿ ಜಾಲತಾಣಕ್ಕೆ ಹಾಕಿದಳು. ಜಗತ್ ಸರ್ಕಲ್ಲಿನ ಚಹಾದಂಗಡಿವರೆಗೂ ಜನ ನಕ್ಕರು. ಮರುದಿನವೇ ಗುತ್ತಿಗೆದಾರ ಅಜಿತನನ್ನು ಅವನೂರು ಕಮಲಾಪುರಕ್ಕೆ ಕಳಿಸಿಬಿಟ್ಟ.

ಆಮೇಲೆ ಕಾವಲುಗಾರ ನಬಿಸಾಬ್ ಅವಳನ್ನು ಅದೇ ಗೋಡೆಯ ಬಳಿ ಕರೆದೊಯ್ದ. ಅಜಿತ ಕೆರೆದಿದ್ದು ಮೂವತ್ತು ವರ್ಷದ ಹಿಂದೆ ಯಾರೋ ಮೆತ್ತಿದ್ದ ಸಿಮೆಂಟು. ಅದರಡಿ, ಹಳೇ ಸುಣ್ಣದ ಗಾರೆಯಲ್ಲಿ ಮೂಡಿಸಿದ ಬಳ್ಳಿಯೊಂದು ಅರ್ಧ ಹೊರಬಂದು ನಿಂತಿತ್ತು.

ಅಯ್ಯೋ... ನಾನೇನು ಮಾಡಿಬಿಟ್ಟೆ!

“ಅಂವ ನೆನೆಹಾಕಿದ ಸುಣ್ಣ ಹಿಂದ ಗುಂಡಿಯೊಳಗ ಅದ ಬೇಟಿ. ನೀರು ಆರಿತಂದ್ರ ಖರಾಬ್. ಮತ್ತ ಸಿಮೆಂಟೇ ಬಡೀತಾರ.”

ಸಪ್ನಾ ಬಕೆಟ್ ಎತ್ತಿದಳು.

ದಿನವೂ ನೀರು ಹೊತ್ತಳು. ಸುಣ್ಣ ಕಲಕಿ ಅಂಗೈ ಬಿರಿಯಿತು, ಬಿಡಲಿಲ್ಲ. ಜೇವರ್ಗಿ ಕಾಲೋನಿಯ ಗುತ್ತಿಗೆದಾರನ ಮನೆಗೆ ನಾಲ್ಕು ಸಲ ಅಲೆದು, ಅಜಿತನನ್ನೇ ಮರಳಿ ಕರೆಸಲು ಒಪ್ಪಿಸಿದಳು. ವಿಡಿಯೋ ಅಳಿಸಿ, ತಪ್ಪು ತನ್ನದೆಂದು ಎಲ್ಲರಿಗೂ ಹೇಳಿದಳು. ಈ ಸಲ ಯಾರ ದನಿಯನ್ನೂ ತೆಗೆಯಲಿಲ್ಲ.

ಹನ್ನೆರಡನೇ ದಿನ ಕಮಲಾಪುರದ ಬಸ್ಸು ಹತ್ತಿದಳು.

ಕೆಂಪು ಬಾಳೆಯ ತೋಟದಲ್ಲಿ ಗೊನೆ ಹೊರುತ್ತಿದ್ದ ಅಜಿತ ಅವಳನ್ನು ಕಂಡೂ ನಿಲ್ಲಲಿಲ್ಲ.

“ಈಗ ಯಾರ ದನಿ ತಗ್ಯಾಕ ಬಂದೀರಿ?”

ಎದೆಗೇ ನಾಟಿತು. ಎರಡೂ ಅಂಗೈ ಚಾಚಿದಳು.

ಅಜಿತ ಗೊನೆ ಇಳಿಸಿದ. ಆ ಬಿರುಕುಗಳು ಅವನಿಗೆ ಗೊತ್ತು. ಅವನ ಕೈಯಲ್ಲೂ ಅವೇ ಇದ್ದವು.

“ಗುಂಡಿಯೊಳಗ ಕೈ ಹಾಕೀರೇನ್ರೀ?” ಎಂದ.

“ಸುಣ್ಣ ಬೆಣ್ಣಿಯಂಗ ಅದ. ಗುತ್ತಿಗೆದಾರನೂ ಒಪ್ಯಾನ, ನಡೀರಿ. ಗುಮ್ಮಟದ ಕತಿ ಇನ್ನ ನೀವೇ ಹೇಳ್ರಿ, ನಿಮ್ಮ ದನಿಯೊಳಗ. ನಾ ಬಾಜೂಕ ನಿಂದಿರ್ತೀನಿ.”

“ಎಲ್ಲೀತನಕ?”

“ನೀವು ಬಳಿದ ಗಾರೆ ಗಟ್ಟಿಯಾಗೋತನಕ.”

ಅವನು ನಗು ತಡೆದುಕೊಂಡ. “ಅದು ನೂರು ವರ್ಷ ಗಟ್ಟಿಯಾಗ್ಕೋತ ಹೋಗ್ತದ್ರೀ.”

“ಗೊತ್ತದ,” ಎಂದಳು ಸಪ್ನಾ. “ನಬಿಸಾಬ್‌ಗ ಕೇಳಕೊಂಡೇ ಬಂದೀನಿ.”