ಅಮಾವಾಸ್ಯೆ ಕಳೆದರೆ ಒಣಗುವ ಹುಲ್ಲು

"ಅಲ್ಲೇ ನಿಂದರ್ರಿ. ಕಾಲು ಇಡಬ್ಯಾಡ್ರಿ."

ತನ್ನದೇ ಅಂಗಳದಲ್ಲಿ ತನ್ನನ್ನೇ ತಡೆದು ನಿಲ್ಲಿಸಿದ ಆ ಗಂಡಸನ್ನು ವೃಂದಾ ದುರುಗುಟ್ಟಿ ನೋಡಿದಳು. ಅವನು ಹುಲ್ಲಿನ ಮೇಲೆ ಮಂಡಿಯೂರಿ ಕೂತಿದ್ದ, ತಲೆಯನ್ನೂ ಎತ್ತಿರಲಿಲ್ಲ.

"ಇದು ನಮ್ಮನಿರಿ," ಎಂದಳು.

"ಹುಲ್ಲೂ ನಿಮ್ಮದ ಅಲ್ಲರಿ? ಮತ್ತ ಹಿಂಗ್ಯಾಕ ಸಾಯಾಕ ಬಿಟ್ಟೀರಿ?"

ಆಗ ತಲೆ ಎತ್ತಿದ. ವೃಂದಾಳ ಸಿಟ್ಟು ಅರ್ಧ ದಾರಿಯಲ್ಲೇ ಎಲ್ಲೋ ತಪ್ಪಿಸಿಕೊಂಡಿತು.

ಅವನು ಮಿಲಿಂದ. ಅಮರಗೋಳದ ಹತ್ತಿರ ಸಣ್ಣ ನರ್ಸರಿ ಇಟ್ಟುಕೊಂಡು, ಊರಿನವರ ಮನೆಯ ಲಾನ್ ಸರಿಮಾಡಿಕೊಡುವವನು. ದೇಶಪಾಂಡೆ ನಗರದ ಈ ಮನೆಗೆ ಅವನನ್ನು ಕರೆಸಿದ್ದು ನಿರುಪಮಾ ಮೌಶಿ. ವೃಂದಾಳ ತಾಯಿಯ ತಂಗಿ, ತಾಯಿ ಹೋದ ಮೇಲೆ ಅವಳನ್ನು ಸಾಕಿದವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು.

ಕಂಪೌಂಡಿನ ಉದ್ದಕ್ಕೂ ಹಿಟ್ಟು ನಾದುವ ಪರಾತದಷ್ಟು ಅಗಲದ, ಹುಲ್ಲಿಲ್ಲದ ಬೋಳುಗಳು. ಒಟ್ಟು ಒಂಬತ್ತು. ಅವುಗಳ ಮೇಲೆ ಹಕ್ಕಿಗಳೂ ಇಳಿಯುತ್ತಿರಲಿಲ್ಲ. ಏಕನಾಥ ತೀರಿಕೊಂಡ ತಿಂಗಳಿನಿಂದ ಒಂದೊಂದಾಗಿ ಶುರುವಾದವು ಅವು.

ಏಕನಾಥ ವೃಂದಾಳಿಗೆ ನಿಶ್ಚಯವಾಗಿದ್ದ ಹುಡುಗ. ಮದುವೆಗೆ ಇಪ್ಪತ್ತು ದಿನ ಇರುವಾಗ ಲಾರಿಯೊಂದು ಅವನ ಮೇಲೆ ಹರಿಯಿತು. ಓಣಿಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವಾಗ ವೃಂದಾಳ ಹೆಸರೊಂದನ್ನೇ ಮರೆಯತೊಡಗಿದರು, ಅಷ್ಟೇ. ಎಂಥ ಜಾಣ ಮರೆವು ನೋಡಿ!

"ಇದು ಕರಕಿ ಜಾತಿ ಹುಲ್ಲು," ಎಂದ ಮಿಲಿಂದ, ಒಂದು ಗರಿಕೆಯೆಳೆ ಕಿತ್ತು. "ಥಂಡ್ಯಾಗ ಮಲಗತೈತಿ, ಬಿಸಲಾಗ ಹಬ್ಬತೈತಿ. ಶಿವರಾತ್ರಿ ಕಳೀಲಿ, ಆಮ್ಯಾಲ ಹಚ್ಚೂಣು. ಹಚ್ಚಿದ ಕಡೆ ಮಾತ್ರ ಯಾರೂ ತುಳೀಬಾರದು."

ಶಿವರಾತ್ರಿ ಕಳೆಯಿತು. ಮಿಲಿಂದ ಪ್ರತಿ ಭಾನುವಾರ ಬಂದ. ಬೋಳು ಕೆದರಿ, ಮಣ್ಣು ಬದಲಿಸಿ, ಹಸಿರಿದ್ದ ಕಡೆಯಿಂದ ಬೇರುಸಹಿತ ಹುಲ್ಲಿನ ತುಂಡು ತಂದು ಗೇಣು ಗೇಣಿಗೆ ನೆಟ್ಟ. ಮೊದಲ ವಾರ ವೃಂದಾ ಚಹಾ ಕೊಟ್ಟಳು. ಎರಡನೆಯ ವಾರ ತಾನೂ ಕೂತು ನೆಟ್ಟಳು. ನಾಲ್ಕನೆಯ ವಾರ ಅವನು ಕೈಯ ಮಣ್ಣು ಕೊಡವುತ್ತ ಕೇಳಿದ.

"ನನ್ನ ಮದಿವಿ ಆಗ್ತೀರೇನ್ರಿ?"

ಅವಳು ಒಳಗೆ ಓಡಿದಳು. ಆದರೆ ಕೆಂಪೇರಿದ ಆ ಮುಖ ಅಡಗಬೇಕಲ್ಲ? ಮೌಶಿ ನೋಡಿ, ಬಹಳ ದಿನದ ಮೇಲೆ ನಕ್ಕಳು.

ಅದೇ ವಾರ ಅಮಾವಾಸ್ಯೆ.

ಕಳೆದು ನಾಲ್ಕು ದಿನಕ್ಕೆ ಅವರಿಬ್ಬರೂ ಕೂಡಿ ನೆಟ್ಟದ್ದಷ್ಟೂ ಒಣಗಿ ಹೋಯಿತು. ಸುತ್ತಲಿನ ಹಳೆಯ ಹುಲ್ಲು ಹಾಗೇ ಹಸಿರಾಗಿತ್ತು. ಆ ಸಂಜೆಯೇ ಫೋನ್ ಬಂತು. ಬೈರಿದೇವರಕೊಪ್ಪದ ಹತ್ತಿರ ಮಿಲಿಂದನ ಬೈಕು ಜಾರಿ, ಎಡಗೈ ಮುರಿದಿತ್ತು.

ವೃಂದಾ ಸತ್ತ ಹುಲ್ಲಿನ ಮುಂದೆ ನಿಂತು ನೆನಪು ಮಾಡಿಕೊಂಡಳು. ಇಲ್ಲಿಯವರೆಗಿನ ಪ್ರತಿಯೊಂದು ಬೋಳೂ ಅಮಾವಾಸ್ಯೆಯ ಬೆನ್ನಿಗೇ ಬಂದಿತ್ತು.

'ನಾನು ಯಾರನ್ನು ಬಯಸುತ್ತೇನೋ ಅವರು ಉಳಿಯುವುದಿಲ್ಲ... ಮೊದಲು ಏಕನಾಥ. ಈಗ ಇವನ ಕೈ. ಮುಂದೆ?'



ಮೂರನೆಯ ದಿನ ಮಿಲಿಂದ ಪ್ಲಾಸ್ಟರಿನ ಕೈ ಕಟ್ಟಿಕೊಂಡೇ ಬಂದ. ಅವಳು ಗೇಟು ತೆಗೆಯಲಿಲ್ಲ.

"ಇನ್ನ ಬರಬ್ಯಾಡ್ರಿ. ನಿಮ್ಮ ಔಷಧಕ್ಕನ ಹುಲ್ಲು ಸುಡಲಿಕ್ಕತ್ತದ."

"ಯಾವ ಔಷಧರಿ? ಸಗಣಿ ಗೊಬ್ಬರ ಬಿಟ್ಟು ನಾ ಏನೂ ಹಾಕಿಲ್ಲ."

"ನನಗ ನಂಬಿಕಿ ಇಲ್ಲ."

ಮಿಲಿಂದನ ಮುಖ ಕಪ್ಪಿಟ್ಟಿತು. ಮದುವೆ ಒಲ್ಲೆ ಎಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಕೆಲಸದಲ್ಲಿ ಮೋಸ ಅಂದಿದ್ದಳು. ತಿರುಗಿ ಹೋದ.

ಗೇಟಿಗೆ ಹಣೆ ಒತ್ತಿ ವೃಂದಾ ಅತ್ತಳು. ತನ್ನ ಮೇಲೆ ಸಿಟ್ಟು ಇಟ್ಟುಕೊಂಡಾದರೂ ಅವನು ಬದುಕಿರಲಿ... ಅಷ್ಟು ಸಾಕು.

ಇನ್ನೊಂದು ಅಮಾವಾಸ್ಯೆ ಬಂದು ಹೋಯಿತು. ಈ ಸಲ ಬೋಳುಗಳ ಅಂಚಿನ ಹಳೆಯ ಹುಲ್ಲೂ ಒಣಗಿತು. ಭಾನುವಾರ ಮಧ್ಯಾಹ್ನ, ಎಲೆ ಅಲುಗದ ಬಿಸಿಲಿನಲ್ಲಿ, ಗೇಟು ಕಿರುಗುಟ್ಟಿತು. ಮಿಲಿಂದ ಹೇಳದೆ ಕೇಳದೆ ಒಳಬಂದು, ಬೋಳಿನ ಪಕ್ಕ ಕೂತು, ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡ.

"ಏನ್ ಮಾಡಲಿಕ್ಕತ್ತೀರಿ?" ವೃಂದಾ ಓಡಿಬಂದಳು.

"ನಿದ್ದಿ ಬರವಲ್ದರಿ ನನಗ. ನಾ ಹಾಕಿದ್ದು ಇದರಾಗ ಏನೈತಿ ಅಂತ ನೋಡಾಕತ್ತೇನಿ." ಪಕ್ಕಕ್ಕೆ ಉಗುಳಿದ. "ಉಪ್ಪು. ಬರೇ ಉಪ್ಪು. ಯಾರೋ ಬೇಕಂತನ ಸುರದಾರ."

ವರಾಂಡದಲ್ಲಿ ನಿಂತಿದ್ದ ಮೌಶಿ ಕಂಬ ಹಿಡಿದುಕೊಂಡು ಮೆಲ್ಲಗೆ ಕೂತಳು.

"ನಾನ ಸುರದದ್ದು," ಎಂದಳು.

ವೃಂದಾ ಮೌಶಿಯತ್ತ ತಿರುಗಿದಳು.

"ನಿನ್ನ ದೃಷ್ಟಿ ತಗೀತಿದ್ದೆ, ಪುಟ್ಟಿ. ಅಮಾಸಿಗೊಮ್ಮೆ. ನೀ ಬ್ಯಾಂಕಿನ ಕೆಲಸಕ್ಕ ಹೊಂಟಾಗ ಬೆನ್ನ ಹಿಂದಿಂದ ಉಪ್ಪು ನಿವಾಳಿಸಿ, ನೀರಾಗ ಕರಗಸ್ತಿದ್ದೆ. ಮೂರು ದಾರಿ ಕೂಡೋ ಕಡೆ ಚೆಲ್ಲಬೇಕು. ನನ್ನ ಮೊಣಕಾಲು ಅಲ್ಲಿತನಕಾ ಬಿಡಂಗಿಲ್ಲ. ಆ ನೀರು ಯಾರೂ ತುಳೀಬಾರದು ಅಂತ ಕಂಪೌಂಡ ಮಗ್ಗಲಕ ಚೆಲ್ಲತಿದ್ದೆ. ಆಮ್ಯಾಲೆ ಇವರು ಹಚ್ಚಿದ ಕಡೆ ಯಾರೂ ತುಳೀಬ್ಯಾಡ್ರಿ ಅಂದ್ರು... ಅಲ್ಲೇ ಚೆಲ್ಲಿದೆ."

"ಮೌಶಿ, ನೀ ಗಣಿತ ಕಲಿಸಿದಾಕಿ!"

"ಗಣಿತದಾಗ ಏಕನಾಥ ಯಾಕ ಸತ್ತ ಅನ್ನೂದು ಬರಂಗಿಲ್ಲ." ಮೌಶಿಯ ಧ್ವನಿ ಒಡೆಯಿತು. "ಮೊದಲ ಒಂದು ಬೊಗಸಿ ಇತ್ತು. ಇವರು ನಿನ್ನ ಕೇಳಿದ ಮ್ಯಾಲೆ ಇವರ ಹೆಸರಿಲೆನೂ ನಾಲ್ಕು ಬೊಗಸಿ ಕೂಡಿಸಿದೆ."

ತನಗಾಗಿ ಯಾರೋ ಇಷ್ಟು ಹೆದರಿದ್ದು ಮಿಲಿಂದನಿಗೆ ಹೊಸದು.

ವೃಂದಾ ಅವನ ಎದುರು ಕುಸಿದು ಕೂತಳು. "ನಾನೂ ಸುಳ್ಳು ಹೇಳಿದೆರಿ. ನಿಮ್ಮ ಕೆಲಸದ ಮ್ಯಾಲೆ ನನಗ ಎಂದೂ ಸಂಶಯ ಇರಲಿಲ್ಲ. ನನ್ನಿಂದ ನಿಮ್ಮ ಜೀವಕ್ಕ ಏನರ ಆಗ್ತದಂತ..."

"ಈ ಮಣ್ಣು ತಗದು, ನೀರು ಬಿಟ್ಟು ತೊಳದು, ಮತ್ತ ಹಚ್ಚೂಣು. ಇನ್ನೂ ಒಂದು ತಿಂಗಳ ಬಿಸಿಲೈತಿ."

"ಹುಲ್ಲಿಗೆ ಉಪ್ಪು ಕಾರಣ. ಏಕನಾಥಗ?"

"ಲಾರಿ."

"ನಿಮ್ಮ ಕೈಗೆ?"

"ರಸ್ತಾದ ಮ್ಯಾಲಿನ ಜಲ್ಲಿ ಕಡಿ. ಮತ್ತ ನನ್ನ ಅವಸರ."

ಮಾತೆಲ್ಲ ಖರೆಯೇ. ಆದರೂ ಅವಳ ಎದೆಯೊಳಗಿನ ಕತ್ತಲು ಪೂರ್ತಿ ಕರಗಲಿಲ್ಲ. ಅದು ಅಷ್ಟು ಸುಲಭವಾಗಿ ಬಿಟ್ಟುಹೋಗುವ ಜಾತಿಯದಲ್ಲ.

"ನನ್ನ ಅಂಜಿಕಿ ಹೋಗಿಲ್ಲರಿ," ಎಂದಳು ಮೆಲ್ಲಗೆ. "ನೀವು ಗಾಡಿ ಹತ್ತಿದಾಗೊಮ್ಮೆ ನನ್ನ ಜೀವ ಹೋಗಿ ಬರ್ತದ. ಮದಿವಿ ಆದ್ರೂ ಹಂಗ ಇರ್ತದ."

"ಇರಲಿ. ಅಂಜಿಕೋತನ ಹೂಂ ಅನ್ರಿ."

ಅವಳು ಪ್ಲಾಸ್ಟರಿನಿಂದ ಹೊರಗಿದ್ದ ಅವನ ಬೆರಳ ತುದಿ ಹಿಡಿದಳು. ಮತ್ತೆ ಬಿಡಲಿಲ್ಲ.

"ಹೂಂ..."